ಎರಡು ಹುಟ್ಟುಹಬ್ಬದ ಅವಳಿಗಳು

ನಮ್ಮ ಮನೆಯ ಅವಳಿ ಮೊಮ್ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಹುಟ್ಟುಹಬ್ಬ. ಒಂದು ಡಿಸೆಂಬರ್ 10ಕ್ಕೆ, ಇನ್ನೊಂದು ಜನವರಿ 14ರ ಸಂಕ್ರಮಣಕ್ಕೆ. ಮೊದಲನೆಯದು ಅವರು ಹುಟ್ಟಿದ ದಿನ. ಎರಡನೆಯದು ಅವರು ಹುಟ್ಟಬೇಕಾಗಿದ್ದ ದಿನ. ಶಾಲೆಯ ಗೆಳೆಯರು ಇದನ್ನು ಕೇಳಿ ಹೊಟ್ಟೆಕಿಚ್ಚು ಪಡುತ್ತಾರಂತೆ. ಎರಡು ಸಲ ಉಡುಗೊರೆ ಸಿಗುತ್ತದಲ್ಲ!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ಈಗ ಸಿಂಗಟಾಲೂರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ವೀರಭದ್ರೇಶ್ವರನ ಗುಡ್ಡ ಕಾಣುವ ಮನೆಯಲ್ಲಿದ್ದೇನೆ. ನನಗೆ ವೈದ್ಯಶಾಸ್ತ್ರ ಗೊತ್ತಿಲ್ಲ, ಗೊತ್ತಿರುವುದು ತಾರೀಖಿನ ಲೆಕ್ಕ. ಮುದ್ದತು ಠೇವಣಿಯನ್ನು ಅವಧಿಗೆ ಮುಂಚೆ ಮುರಿದರೆ ನಾವು ಪಾವತಿಯ ಮೇಲೆ ‘ಪ್ರೀಮೆಚ್ಯೂರ್’ ಎಂದು ಬರೆಯುತ್ತಿದ್ದೆವು. ಮಗಳ ಹೆರಿಗೆಯಾದ ರಾತ್ರಿ ಆಸ್ಪತ್ರೆಯ ಕಾಗದದಲ್ಲಿ ಅದೇ ಶಬ್ದ ಕಂಡಾಗ ನನ್ನ ಕೈ ತಣ್ಣಗಾಯಿತು. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿತವಾಗುತ್ತದೆ ಎಂಬುದಷ್ಟೇ ನನಗೆ ಗೊತ್ತಿದ್ದ ಅರ್ಥ.

ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮೂವತ್ತೈದು ವಾರ ತುಂಬಿದ ದಿನವೇ ನೋವು ಬಂತು. ಮೊದಲು ಹುಡುಗಿ, 2 ಕಿಲೋ 100 ಗ್ರಾಂ. ಹಿಂದೆಯೇ ಹುಡುಗ, 1 ಕಿಲೋ 850 ಗ್ರಾಂ. ಮನೆಯಲ್ಲಿ ನಾವು ಈಗಲೂ ಅವರನ್ನು ‘ಮುಂದಿನಾಕಿ’, ‘ಹಿಂದಿನಾಂವ’ ಎಂದೇ ಕರೆಯುವುದು. ನನ್ನ ಹೆಂಡತಿ ಅಳುತ್ತ ಕೂತಿದ್ದಳು. “ಏಳರ ಕೂಸು ಉಳೀತದ, ಎಂಟರ ಕೂಸು ಉಳಿಯಾಂಗಿಲ್ಲ ಅಂತಾರಲ್ರೀ” ಎಂಬುದು ಅವಳ ಚಿಂತೆ. ಈ ಮಾತು ನಮ್ಮ ಕಡೆ ಎಲ್ಲ ಅಜ್ಜಿಯರ ಬಾಯಲ್ಲೂ ಇದೆ. ಆದರೆ ಇದು ಪೂರ್ತಿ ಸುಳ್ಳು. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಜಮಾ ಆಗುತ್ತ ಹೋಗುತ್ತದೆ. ಎಂಟರದ್ದು ಏಳರದ್ದಕ್ಕಿಂತ ಗಟ್ಟಿ, ಒಂಬತ್ತು ತುಂಬಿದ್ದು ಇನ್ನೂ ಗಟ್ಟಿ.

ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಜನನ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೀಗೆಯೇ ಹುಟ್ಟುತ್ತಾರೆ. ಹೊಟ್ಟೆಯಲ್ಲಿ ಜಾಗ ಸಾಲದು ಎಂದು ನಾವು ಹಾಸ್ಯಕ್ಕೆ ಹೇಳುವುದರಲ್ಲಿ ಸ್ವಲ್ಪ ನಿಜವೂ ಇದೆ. ಮೂವತ್ನಾಲ್ಕರಿಂದ ಮೂವತ್ತಾರನೆಯ ವಾರದಲ್ಲಿ ಬಂದ ಮಕ್ಕಳು ನೋಡಲು ಪೂರ್ತಿ ಕೂಸಿನಂತೆಯೇ ಇರುತ್ತಾರೆ, ಸ್ವಲ್ಪ ಸಣ್ಣ ಅಷ್ಟೆ. ನಾವು ಮೋಸ ಹೋಗುವುದು ಇಲ್ಲಿಯೇ. ಮೂವತ್ತೈದನೆಯ ವಾರದಲ್ಲಿ ಮೆದುಳಿನ ತೂಕ ಪೂರ್ತಿ ದಿನಗಳ ಕೂಸಿನ ಮೆದುಳಿನ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಒಂದು ಪಾಲು ಹೊರಗೆ, ನಮ್ಮ ತೊಟ್ಟಿಲಲ್ಲಿ, ನಮ್ಮ ಗದ್ದಲದ ನಡುವೆ ಬೆಳೆಯಬೇಕು. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಂದೇ ತಾಳದಲ್ಲಿ ನಡೆಸಲು ಕೂಸು ಕಲಿಯುವುದು ಸುಮಾರು ಮೂವತ್ನಾಲ್ಕನೆಯ ವಾರದ ಹೊತ್ತಿಗೆ. ಅಂದರೆ ನಮ್ಮ ಕೂಸುಗಳು ಆ ಪಾಠ ಆಗತಾನೇ ಮುಗಿಸಿದ್ದವು.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. “ಎಷ್ಟ್ ಶಾಣ್ಯಾ ಕೂಸುಗಳು, ಅಳೂದೇ ಇಲ್ಲ!” ನಮಗೂ ಹೆಮ್ಮೆ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮಾತ್ರ ಹುಬ್ಬುಗಂಟಿಕ್ಕಿದಳು. ದಿನ ತುಂಬದ ಕೂಸು ಹಸಿದರೂ ಎಚ್ಚರಾಗದೆ ಮಲಗಿಬಿಡುತ್ತದೆ. ಅದು ಶಾಣ್ಯಾತನವಲ್ಲ, ದಣಿವು. ಎರಡು ಮೂರು ತಾಸಿಗೊಮ್ಮೆ ಎಬ್ಬಿಸಿ ಹಾಲು ಕುಡಿಸಬೇಕು ಎಂದಳು. ನಾನು ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ ಹಾಲಿನ ಹೊತ್ತು ಬರೆಯತೊಡಗಿದೆ. ಇಬ್ಬರಿಗೂ ಬೇರೆ ಬೇರೆ ಕಾಲಂ. ಹಾಗೆ ಮಾಡದಿದ್ದರೆ ನಡುರಾತ್ರಿ ಒಬ್ಬರಿಗೇ ಎರಡು ಸಲ ಕುಡಿಸುವ ಪ್ರಸಂಗ ಬರುತ್ತದೆ. ಬಂದೂ ಇತ್ತು.

ಆಕೆ ಸರ್ಕಾರದ ನಿಯಮದಂತೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನದ ಲೆಕ್ಕ ಇಟ್ಟುಕೊಂಡು ಬರುತ್ತಿದ್ದಳು. ಎರೆದುಕೊಂಡ ಕೂಸಿಗೆ ಲೋಬಾನದ ಹೊಗೆ ಹಾಕುವುದನ್ನು ನಿಲ್ಲಿಸಿದಳು. ಎಳೆಯ ಪುಪ್ಪುಸಕ್ಕೆ ಹೊಗೆ ಆಗಿಬರುವುದಿಲ್ಲ. ಜೇನು ನೆಕ್ಕಿಸುವುದನ್ನೂ ನಿಲ್ಲಿಸಿದಳು. ವರ್ಷ ತುಂಬುವವರೆಗೆ ಯಾವ ಕೂಸಿಗೂ ಜೇನು ಕೊಡಬಾರದು, ಅದರಲ್ಲಿ ಅಪರೂಪಕ್ಕೆ ಇರುವ ಒಂದು ಬಗೆಯ ರೋಗಾಣು ಎಳೆಗರುಳಿನಲ್ಲಿ ವಿಷವಾಗುತ್ತದೆ. ನನ್ನ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಸುಮ್ಮನಾದಳು.

ಚಳಿಗಾಲದ ಆ ದಿನಗಳಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ಮಕ್ಕಳೇ, ಕಾಂಗರೂ ಗೊತ್ತಲ್ಲ? ಅದರ ಮರಿ ಹುಟ್ಟುವಾಗ ಬೆರಳಿನ ತುದಿಯಷ್ಟೇ ಇರುತ್ತದೆ. ಉಳಿದ ಬೆಳವಣಿಗೆಯೆಲ್ಲ ತಾಯಿಯ ಚೀಲದಲ್ಲಿ. ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯಲ್ಲಿ 1970ರ ದಶಕದ ಕೊನೆಗೆ ಗಾಜಿನ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಸಣ್ಣ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಬಿಟ್ಟರು. ಮೈಗೆ ಮೈ ಶಾಖ, ಕಿವಿಗೆ ಎದೆಬಡಿತ, ಬಾಯಿಗೆ ಹಾಲು. ಇದೇ ಮುಂದೆ ‘ಕಾಂಗರೂ ಆರೈಕೆ’ಯಾಯಿತು. ಗಾಜಿನ ಪೆಟ್ಟಿಗೆಯ ಕಥೆಯೂ ತಮಾಷೆಯದೇ. 1880ರ ಸುಮಾರಿಗೆ ಪ್ಯಾರಿಸ್ಸಿನ ಸ್ಟೆಫಾನ್ ಟಾರ್ನಿಯೆ ಎಂಬ ವೈದ್ಯರಿಗೆ ಅದು ಹೊಳೆದದ್ದು ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರ ನೋಡಿ!

ಕಾಂಗರೂ ಆರೈಕೆಯ ಕುರಿತು ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲೇ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಆಸ್ಪತ್ರೆಯಲ್ಲಿ ಈ ಆರೈಕೆ ಶುರುಮಾಡಿಸಿ, ಮನೆಗೆ ಹೋದ ಮೇಲೂ ಆಶಾ ಕಾರ್ಯಕರ್ತೆಯರ ಮೂಲಕ ಮುಂದುವರಿಸುವುದು ಹೇಗೆಂದು ಮಾಡಿ ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಇಂಥ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿ, ದಿನಕ್ಕೆ ಎಂಟರಿಂದ ಇಪ್ಪತ್ನಾಲ್ಕು ತಾಸು ಕೊಡಬೇಕೆಂದು ಹೇಳಿತು. ಒಬ್ಬ ತಾಯಿಗೆ ಎರಡು ಕೂಸು. ಇಪ್ಪತ್ನಾಲ್ಕು ತಾಸು ಹೇಗೆ ಸಾಕಾದೀತು? ಅಳಿಯ ರಜೆ ಮುಗಿಸಿ ಹುಬ್ಬಳ್ಳಿಗೆ ಹೋಗಿದ್ದ. ಹೀಗಾಗಿ ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಪಾಳಿ. ಅಂಗಿ ತೆಗೆದು, ಆರಾಮ ಕುರ್ಚಿಯಲ್ಲಿ ಒರಗಿ, ಎದೆಯ ಮೇಲೆ ಹಿಂದಿನಾಂವನನ್ನು ಬೋರಲು ಮಲಗಿಸಿಕೊಂಡು ಮೇಲೆ ದುಪ್ಪಟಿ ಹೊದೆಯುತ್ತಿದ್ದೆ. ನನ್ನ ಸ್ವಂತ ಮಕ್ಕಳನ್ನು ನಾನು ಹೀಗೆ ಎತ್ತಿಕೊಂಡವನಲ್ಲ. ಆಗ ಗಂಡಸರು ಕೂಸು ಎತ್ತಿಕೊಂಡರೆ ಜನ ನಗುತ್ತಿದ್ದರು. ಎಪ್ಪತ್ತರ ಹತ್ತಿರ ಬಂದು ಕಲಿತೆ.

ಹುಡುಗನ ತೂಕ ಎರಡು ಕಿಲೋಗಿಂತ ಕಡಿಮೆ ಇದ್ದುದರಿಂದ ಮೂವತ್ತು ದಿನ ತುಂಬುವುದರೊಳಗೆ ಕಣ್ಣಿನ ಪರೀಕ್ಷೆ ಮಾಡಿಸಲೇಬೇಕೆಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಬೇಗ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆಯ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವು ಮಕ್ಕಳಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದುಬಿಡುತ್ತವೆ. ಹೊರಗಿನಿಂದ ಏನೂ ಕಾಣದು. ಕೆಲವೇ ವಾರಗಳ ಅವಕಾಶ, ಆಮೇಲೆ ದೃಷ್ಟಿ ಹೋದರೆ ಹೋಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ 2008ರಲ್ಲಿ ‘ಕಿಡ್‌ರಾಪ್’ ಎಂಬ ಕಾರ್ಯಕ್ರಮ ಶುರುಮಾಡಿ, ಕ್ಯಾಮೆರಾ ಹೊತ್ತ ತಂತ್ರಜ್ಞರನ್ನು ಜಿಲ್ಲೆಗಳ ಆಸ್ಪತ್ರೆಗಳಿಗೇ ಕಳಿಸಿದರು. ಅಲ್ಲಿ ತೆಗೆದ ಚಿತ್ರವನ್ನು ದೂರದ ವೈದ್ಯರು ನೋಡಿ ಹೇಳುವ ಏರ್ಪಾಡು ಅದು. ನಮ್ಮ ಹುಡುಗನ ಕಣ್ಣು ಸರಿಯಿತ್ತು. ಕಿವಿಯ ಪರೀಕ್ಷೆಯನ್ನೂ ಮಾಡಿಸಿದೆವು. ಚಪ್ಪಾಳೆ ತಟ್ಟಿ ನೋಡಿದರೆ ಸಾಲದು. ಕೂಸು ನಿದ್ದೆಯಲ್ಲಿರುವಾಗ ಯಂತ್ರದಿಂದ ನೋಡುವ ಪರೀಕ್ಷೆಯೇ ಬೇಕು.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ, ಅಂದರೆ ತಾರೀಖಿಗೆ ಬರುತ್ತೇನೆ. ಬ್ಯಾಂಕಿನಲ್ಲಿ ಒಂದು ಹಣ ಲೆಕ್ಕಕ್ಕೆ ಬಂದ ದಿನ ಒಂದಾದರೆ, ಬಡ್ಡಿ ಎಣಿಸುವ ದಿನ ಇನ್ನೊಂದು ಇರಬಹುದು. ಅದಕ್ಕೆ ‘ವ್ಯಾಲ್ಯೂ ಡೇಟ್’ ಎನ್ನುತ್ತೇವೆ. ದಿನ ತುಂಬದ ಕೂಸಿನ ವಯಸ್ಸೂ ಹಾಗೆಯೇ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು, ನಡೆಯುವುದು ಇವುಗಳನ್ನೆಲ್ಲ ವೈದ್ಯರು ಕೊಟ್ಟಿದ್ದ ಹೆರಿಗೆಯ ತಾರೀಖಿನಿಂದ ಎಣಿಸಬೇಕು. ಇದಕ್ಕೆ ‘ಸರಿಪಡಿಸಿದ ವಯಸ್ಸು’ ಎಂದು ಹೆಸರು. ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೀಗೆ ಎಣಿಸುತ್ತಾರೆ. ನಮ್ಮ ಮಕ್ಕಳಿಗೆ ಸೆಪ್ಟೆಂಬರ್ 10ಕ್ಕೆ ಒಂಬತ್ತು ತಿಂಗಳು ತುಂಬಿತು. ಆದರೆ ಸಂಕ್ರಮಣದಿಂದ ಎಣಿಸಿದರೆ ಎಂಟು ತಿಂಗಳು ತುಂಬಲು ಇನ್ನೂ ನಾಲ್ಕು ದಿನ ಬಾಕಿ. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದು ಹುಟ್ಟಿದ ತಾರೀಖಿನ ಲೆಕ್ಕದಲ್ಲೇ ಹಾಕಿಸತಕ್ಕದ್ದು.

ಮಕ್ಕಳೇ, ನಿಮಗೊಂದು ಲೆಕ್ಕ. ಮೂವತ್ನಾಲ್ಕು ವಾರಕ್ಕೆ ಹುಟ್ಟಿದ ಕೂಸಿಗೆ ಈಗ ಇಪ್ಪತ್ತು ವಾರ. ಪೂರ್ತಿ ಅವಧಿ ನಲವತ್ತು ವಾರ. ಸರಿಪಡಿಸಿದ ವಯಸ್ಸೆಷ್ಟು? ಹದಿನಾಲ್ಕು ವಾರ ಎಂದವರಿಗೆ ನೂರಕ್ಕೆ ನೂರು. ನಿಮ್ಮ ಮನೆಯಲ್ಲಿ ಅಂಥ ತಮ್ಮನೋ ತಂಗಿಯೋ ಇದ್ದರೆ, “ಪಕ್ಕದ ಮನೆ ಕೂಸು ಆಗಲೇ ಕೂರ್ತದ” ಎಂದು ಯಾರಾದರೂ ಅಂದಾಗ ಈ ಲೆಕ್ಕ ಬಿಡಿಸಿ ತೋರಿಸಿ.

ಈ ಲೆಕ್ಕ ಕಲಿತ ಮೇಲೆ ನನಗೆ ಗರ್ವ ಬಂತು. ಯಾರು ಏನೇ ಕೇಳಿದರೂ “ಐದು ವಾರ ಕಳೀರಿ” ಎನ್ನುತ್ತಿದ್ದೆ. ಅದೇ ನನ್ನ ತಪ್ಪಿಗೂ ದಾರಿಯಾಯಿತು.

ಮೇ ತಿಂಗಳಲ್ಲಿ, ಮಗಳು ಗಂಡನ ಮನೆಗೆ ಹೊರಡುವ ತಯಾರಿಯಲ್ಲಿದ್ದಾಗ, ಆಶಾ ಕಾರ್ಯಕರ್ತೆ ಬಂದು ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಿ ಗಿಲಕಿ ಆಡಿಸಿದಳು. ಹುಡುಗಿ ಎರಡೂ ಕೈ ಚಾಚಿದಳು. ಹುಡುಗ ಎಡಗೈ ಮಾತ್ರ.

“ಕಾಕಾರ, ಹುಡುಗ ಬಲಗೈ ಮುಷ್ಟಿ ಬಿಚ್ಚವಲ್ಲ. ಒಮ್ಮೆ ದೊಡ್ಡ ದವಾಖಾನಿಗೆ ತೋರಸ್ರಿ” ಎಂದಳು.

ನಾನು ನಕ್ಕೆ. “ಐದು ವಾರ ಕಳಿಯವ್ವಾ. ಅದೂ ಅಲ್ದ ನಮ್ಮಣ್ಣ ಎಡಚ ಇದ್ದ. ಇಂವಾ ಅವನ ಹಾಂಗ ಆಗಾಂವ.”

ಹಿರಿಯರ ಮಾತು. ಮಗಳು ಸುಮ್ಮನಾದಳು. ಆಶಾ ಕಾರ್ಯಕರ್ತೆಯೂ ಹೆಚ್ಚಿಗೆ ಹೇಳಲಿಲ್ಲ. ನಾನು ಓದಿದವನು, ಬ್ಯಾಂಕಿನಲ್ಲಿದ್ದವನು ಎಂಬ ಸಂಕೋಚ ಆಕೆಗೆ.

ಪಂಚಮಿಗೆ ಮಗಳು ತವರಿಗೆ ಬಂದಳು. ಜೋಕಾಲಿ ಕಟ್ಟಿದ್ದೆವು, ಉಂಡಿ ಕಟ್ಟಿದ್ದೆವು. ಎಂಟು ತಿಂಗಳ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ ಕೈಗೊಂದೊಂದು ಮರದ ಚೆಂಡು ಕೊಟ್ಟೆ. ಹುಡುಗಿ ಈ ಕೈಯಿಂದ ಆ ಕೈಗೆ ದಾಟಿಸಿಕೊಂಡು ಆಡಿದಳು. ಹುಡುಗ ಬಲಕ್ಕೆ ವಾಲಿದ. ಬೀಳುವಾಗ ಊರಲು ಆ ಬಲಗೈ ಬರಲೇ ಇಲ್ಲ. ಹಣೆ ನೆಲಕ್ಕೆ ಬಡಿಯಿತು. ಮಗಳು ಅವನನ್ನು ಎತ್ತಿಕೊಂಡು ನನ್ನ ಕಡೆ ನೋಡಿದಳು. ಒಂದು ಮಾತೂ ಆಡಲಿಲ್ಲ. ಆ ನೋಟ ನನಗೆ ಈಗಲೂ ನೆನಪಿದೆ. ಮರುದಿನ ಮುಂಜಾನೆಯ ಬಸ್ಸಿಗೆ ಮುಂಡರಗಿ, ಅಲ್ಲಿಂದ ಗದಗ.

ವೈದ್ಯರು ಹೇಳಿದ್ದು ಇಷ್ಟು. ವರ್ಷ ತುಂಬುವ ಮೊದಲು ಕೂಸು ಎಡಚನೂ ಆಗಬಾರದು, ಬಲಚನೂ ಆಗಬಾರದು. ಎರಡೂ ಕೈ ಸಮನಾಗಿ ಬಳಸಬೇಕು. ಅಷ್ಟು ಬೇಗ ಒಂದೇ ಕೈ ಬಳಸಿದರೆ ಆ ಕೈ ಚುರುಕೆಂದಲ್ಲ, ಇನ್ನೊಂದು ಕೈಗೆ ಏನೋ ಅಡಚಣೆ ಇದೆ ಎಂದು ಅರ್ಥ. ಮೆದುಳಿನ ಎಡಭಾಗದಲ್ಲಿ ಸಣ್ಣ ಪೆಟ್ಟು, ಅದರಿಂದ ದೇಹದ ಬಲಭಾಗದಲ್ಲಿ ಬಿಗಿತ. ಸೌಮ್ಯ ರೂಪದ್ದು. “ಮೂರು ತಿಂಗಳು ಮೊದಲೇ ಬಂದಿದ್ದರ ಛಲೋ ಇತ್ತು” ಎಂದರು. ನಾನು ಕಳೆಯಲು ಹೇಳಿದ್ದು ಐದು ವಾರ, ಕಳೆದದ್ದು ಮೂರು ತಿಂಗಳು.

ಮೊದಲ ಎರಡು ವರ್ಷಗಳಲ್ಲಿ ಮೆದುಳು ಹಸಿ ಮಣ್ಣಿನಂತೆ. ಬಳಸಿದ ದಾರಿ ಗಟ್ಟಿಯಾಗುತ್ತದೆ, ಬಳಸದ್ದು ಅಳಿಸಿಹೋಗುತ್ತದೆ. ಪೆಟ್ಟಾದ ಜಾಗದ ಕೆಲಸವನ್ನು ಪಕ್ಕದ ಜಾಗ ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲದು, ಆದರೆ ಕೆಲಸ ಕೊಟ್ಟರೆ ಮಾತ್ರ. ಬೇಗ ಶುರುಮಾಡಬೇಕು ಎನ್ನುವುದು ಇದಕ್ಕೇ. ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ನಮಗೆ ಕಲಿಸಿದ್ದು ಯಾವ ದೊಡ್ಡ ಯಂತ್ರವನ್ನೂ ಅಲ್ಲ, ಆಟವನ್ನು. ದಿನಕ್ಕೆ ಅರ್ಧ ತಾಸು ಅವನ ಚುರುಕಾದ ಎಡಗೈಗೆ ಮೆತ್ತನೆಯ ಕಾಲುಚೀಲ ತೊಡಿಸಿ, ಬಲಗೈಗೆ ಕೆಲಸ ಕೊಡುವುದು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ತಜ್ಞರು ಎಳೆಗೂಸುಗಳಿಗೆಂದೇ ಪರೀಕ್ಷಿಸಿ ನೋಡಿದ ವಿಧಾನವಂತೆ ಅದು. ಸಿಂಗಟಾಲೂರಿನಲ್ಲಿ ಅದು ನಡೆದದ್ದು ಜೋಳದ ರೊಟ್ಟಿಯ ಹಿಟ್ಟು, ಸ್ಟೀಲ್ ಲೋಟ, ಚಮಚಗಳಿಂದ. ಮೊದಲ ವಾರ ಅವನು ಸಿಟ್ಟಿನಿಂದ ಕಾಲುಚೀಲ ಕಚ್ಚಿ ಎಳೆಯುತ್ತಿದ್ದ. ನನ್ನ ಹೆಂಡತಿ “ಕೂಸಿನ ಕೈ ಕಟ್ಟಿ ಏನ್ ಆಟರೀ ಇದು” ಎಂದು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹನ್ನೊಂದನೆಯ ದಿನ ಹಿಟ್ಟಿನ ಮುದ್ದೆಯಲ್ಲಿ ಅವನ ಬಲಗೈಯ ನಾಲ್ಕು ಬೆರಳಿನ ಗುರುತು ಮೂಡಿತು. ಅವಳೇ ಮೊದಲು ಕಂಡು ಕೂಗಿದಳು.

ಮಗಳು ದೀಪಾವಳಿಯವರೆಗೆ ಇಲ್ಲೇ ಉಳಿದಳು. ವಾರಕ್ಕೊಮ್ಮೆ ಗದಗ, ಉಳಿದ ದಿನ ಮನೆ. ವಾಕರ್ ತರಬೇಡಿ ಎಂದು ಮೊದಲೇ ಹೇಳಿದ್ದರು. ಕೂತು ತೇಲುವ ಆ ಗಾಲಿಯ ಕುರ್ಚಿಯಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳುವುದು ಮಾತ್ರ ಬೇಗ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಎಚ್ಚರವಿರುವಾಗ ಬೋರಲು ಮಲಗಿಸಿ ಆಡಿಸುವುದು, ನಿದ್ದೆಗೆ ಅಂಗಾತ ಮಲಗಿಸುವುದು, ಇವೆರಡನ್ನೂ ಅದಲುಬದಲು ಮಾಡಬಾರದು. ಇನ್ನೊಂದು ಸೂಕ್ಷ್ಮ ಅವಳಿಗಳಿಗೇ ಸೇರಿದ್ದು. ಅವಳಿಗಳಿಗೆ ಮಾತು ಸ್ವಲ್ಪ ತಡ, ಯಾಕೆಂದರೆ ದೊಡ್ಡವರು ಇಬ್ಬರನ್ನೂ ಸೇರಿಸಿ ಮಾತಾಡಿಸುತ್ತಾರೆ. ಅವರಿಬ್ಬರೂ ತಮ್ಮದೇ ಒಂದು ಭಾಷೆ ಕಟ್ಟಿಕೊಂಡು ಆರಾಮಾಗಿರುತ್ತಾರೆ. ನಮ್ಮವರು ನೀರಿಗೆ ‘ಬೂಪಿ’ ಎನ್ನುತ್ತಿದ್ದರು. ನಾನು ಬೆಳಿಗ್ಗೆ ಒಬ್ಬರನ್ನು, ಸಂಜೆ ಇನ್ನೊಬ್ಬರನ್ನು ಎತ್ತಿಕೊಂಡು ಹೊಳೆಯ ಕಡೆ ಹೋಗಿ, ಹೆಸರು ಹಿಡಿದು ಮಾತಾಡತೊಡಗಿದೆ. ಕೊಕ್ಕರೆ, ದೋಣಿ, ಹಮ್ಮಿಗಿ ಬ್ಯಾರೇಜಿನ ನೀರು, ಎಲ್ಲವೂ ಪಾಠ.

ಅವಳಿಗಳಲ್ಲಿ ಹೋಲಿಕೆ ಮಾಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. “ಅಕೀ ನಡೀತಾಳ, ನೀ ಯಾಕ ನಡೆಯವಲ್ಲಿ” ಎಂದು ಕೂಸಿನ ಮುಂದೆ ಅನ್ನುವುದು ಕೆಟ್ಟದ್ದು. ಆದರೆ ನಮ್ಮ ಮನೆಯಲ್ಲಿ ಹುಡುಗಿ ಪಕ್ಕದಲ್ಲಿ ಇರದಿದ್ದರೆ ಹುಡುಗನ ಕೈ ಇನ್ನಷ್ಟು ದಿನ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಹೋಲಿಕೆ ನೋಟ್‌ಬುಕ್ಕಿನಲ್ಲಿರಲಿ, ಬಾಯಲ್ಲಿ ಬೇಡ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಏನು ಮಾಡಬೇಕೆಂದು ಇದೆ. ತಿರುವನಂತಪುರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಅವರ ತಂಡ ರೂಪಿಸಿದ ಪಟ್ಟಿ ಇನ್ನೂ ಸರಳ. ಎರಡು ವರ್ಷದವರೆಗಿನ ಹದಿನೇಳು ಕಲಿಕೆಗಳಿಗೆ ಹದಿನೇಳು ಅಡ್ಡಪಟ್ಟಿಗಳು. ಕೂಸಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಡಿ. ಪೆನ್ಸಿಲಿನ ಎಡಕ್ಕೆ ಮುಗಿದುಹೋದ ಪಟ್ಟಿಯ ಕೆಲಸ ಕೂಸಿಗೆ ಇನ್ನೂ ಬರದಿದ್ದರೆ ತೋರಿಸಬೇಕು. ನಮ್ಮ ಲೆಡ್ಜರ್‌ಗಿಂತ ಚೆನ್ನಾಗಿದೆ.

ಪಟ್ಟಿಯಲ್ಲಿ ದಿನ ಗೊತ್ತುಮಾಡಿಲ್ಲ, ಅವಧಿ ಇದೆ ಎಂಬುದನ್ನೂ ಅಜ್ಜಂದಿರು ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ ಹೇಳಿದ್ದರಂತೆ, ಆರೋಗ್ಯವಂತ ಮಕ್ಕಳು ತಾವಾಗಿ ನಡೆಯುವುದು ಎಂಟೂಕಾಲಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆದಿದ್ದವು. ನಮ್ಮ ಮುಂದಿನಾಕಿ ಹದಿಮೂರನೆಯ ತಿಂಗಳಿಗೆ ನಡೆದಳು, ಹಿಂದಿನಾಂವ ಹದಿನೇಳಕ್ಕೆ. ತಡವೆಂದು ಎಲ್ಲರೂ ಹೆದರಬೇಕಾಗಿಲ್ಲ. ಆದರೆ ಆರು ತಿಂಗಳಾದರೂ ಕತ್ತು ನಿಲ್ಲದಿರುವುದು, ಮುಷ್ಟಿ ಬಿಚ್ಚದಿರುವುದು, ಒಂದೇ ಕಡೆ ಬಳಸುವುದು, ಮೈ ಮರದಂತೆ ಬಿಗಿಯಾಗಿಯೋ ಅರಿವೆಯಂತೆ ಸಡಿಲಾಗಿಯೋ ಇರುವುದು, ಮುಖ ನೋಡಿ ನಗದಿರುವುದು, ಕಲಿತದ್ದನ್ನು ಮರೆಯುವುದು, ಇವಕ್ಕೆ ಎಷ್ಟು ವಾರ ಕಳೆದರೂ ಸಮಾಧಾನ ಹೇಳಿಕೊಳ್ಳಬಾರದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗೆ ತಪಾಸಣೆ, ಚಿಕಿತ್ಸೆ ಉಚಿತ. ಅವರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಬಂದ ದಿನ ಕೂಸನ್ನು ಮನೆಯಲ್ಲಿ ಬಚ್ಚಿಡುವವರೂ ಇದ್ದಾರೆ, ಕೊರತೆ ಇದೆ ಎಂದರೆ ಮುಂದೆ ಕನ್ಯೆ ಸಿಗುವುದಿಲ್ಲವೆಂದು. ಎರಡು ವರ್ಷದ ಕೂಸಿಗೆ ಕನ್ಯೆಯ ಚಿಂತೆ! ಕಿವಿ, ಮಾತಿನ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮೊಮ್ಮಕ್ಕಳು ಈಗ ಎರಡನೆಯ ಈಯತ್ತೆ. ಹುಡುಗ ಎಡಗೈಯಲ್ಲಿ ಬರೆಯುತ್ತಾನೆ, ಬಲಗೈಯಿಂದ ಪಾಟಿ ಒತ್ತಿ ಹಿಡಿಯುತ್ತಾನೆ. ಓಡುವಾಗ ಬಲಗಾಲು ಸ್ವಲ್ಪ ಎಳೆಯುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ತಂಗಿಯಂಥ ಅಕ್ಕ ಬಂದರೆ “ನೀ ಬಿಡ, ನಾನs ಹಾಕ್ಕೋತೀನಿ” ಎನ್ನುತ್ತಾನೆ. ಹತ್ತು ನಿಮಿಷ ಹಿಡಿಯುತ್ತದೆ. ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಲೇ ಇರುತ್ತದೆ.

ಹೋದ ಸಂಕ್ರಮಣಕ್ಕೆ, ಅವರ ಎರಡನೆಯ ಹುಟ್ಟುಹಬ್ಬಕ್ಕೆ, ಹೊಳೆಗೆ ಹೋಗಿದ್ದೆವು. ಮಿಂದು ಸೂರ್ಯನಿಗೆ ಬೊಗಸೆಯಲ್ಲಿ ನೀರು ಬಿಡುವುದು ಪದ್ಧತಿ. ಹಿಂದಿನಾಂವ ಮೊಣಕಾಲು ನೀರಲ್ಲಿ ನಿಂತು ಎರಡೂ ಕೈ ಜೋಡಿಸಿದ. ಬಲಗೈಯ ಬೆರಳ ಸಂದಿಯಿಂದ ನೀರು ಸೋರಿಹೋಯಿತು. ಇನ್ನೊಮ್ಮೆ ತುಂಬಿದ, ಮತ್ತೆ ಸೋರಿತು. ಮೂರನೆಯ ಸಲ ಎಡಗೈಯನ್ನು ಬಲಗೈಯ ಕೆಳಗೆ ತಂದು ಒತ್ತಿ ಹಿಡಿದ. ನಾನು ಸಹಾಯಕ್ಕೆ ಹೋಗಬೇಕೆಂದು ಹೆಜ್ಜೆ ಕಿತ್ತೆ. ಮಗಳು ಕಣ್ಸನ್ನೆಯಲ್ಲೇ ಬೇಡವೆಂದಳು. ಬೊಗಸೆಯಲ್ಲಿ ಉಳಿದಿದ್ದ ಅಷ್ಟು ನೀರನ್ನು ಅವನು ಸೂರ್ಯನಿಗೆ ಬಿಡಲಿಲ್ಲ, ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿದ್ದ ಅಕ್ಕನ ತಲೆಯ ಮೇಲೆ ಸುರಿದ.